ವರ್ಚುವಲ್ ಎಕ್ಸ್‌ಪಿಯಲ್ಲಿ ಹಳೆಯ ಪೇಜ್‌ಮೇಕರ್ ಫೈಲು: ನನ್ನ ಅನುಭವ

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಬೆಟಗೇರಿಯ ನಮ್ಮ ಸಣ್ಣ ಪ್ರೆಸ್ಸಿನಲ್ಲೂ ಹಳೆಯ ಸಿಡಿಗಳ ರಾಶಿಯೇ ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿ ವರದಿ, ಎಲ್ಲವೂ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ 6.5ರಲ್ಲಿ, ನುಡಿ ಎಂಬ ಕನ್ನಡ ಫಾಂಟಿನಲ್ಲಿ. ಗಿರಾಕಿ ಬಂದು, "ಎಲ್ಲಾ ಹಂಗ ಇರ್ಲಿರಿ, ಹೆಸರಷ್ಟ ಬದ್ಲಿ ಮಾಡ್ರಿ" ಅಂತಾರೆ. ಕನ್ವರ್ಟರಿಗೆ ಹಾಕಿದರೆ ಅಕ್ಷರಗಳೇನೋ ಯುನಿಕೋಡ್‌ಗೆ ಬರುತ್ತವೆ. ಆದರೆ ಪುಟದ ಜೋಡಣೆ ಹೋಗುತ್ತದೆ. ಅದಕ್ಕೇ ಹೊಸ ಕಂಪ್ಯೂಟರಿನೊಳಗೇ ಹಳೆಯ ವಿಂಡೋಸ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ.

ವಿಂಡೋಸ್ 98 ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೆ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ (ಪರದೆ, ಶೇರ್ಡ್ ಫೋಲ್ಡರ್ ಸರಿಯಾಗಿ ನಡೆಯಲು ಬೇಕಾದ ಡ್ರೈವರುಗಳ ಕಟ್ಟು) ಇಲ್ಲ. ಪರದೆಗೆ ಬೇರೆ ಡ್ರೈವರ್ ಹುಡುಕಿ ಹಾಕದಿದ್ದರೆ 16 ಬಣ್ಣಗಳಲ್ಲೇ ಕೆಲಸ ಮಾಡಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಆ ತಲೆನೋವಿಲ್ಲ. ನಮ್ಮ ಹಳೆಯ ಲೈಸೆನ್ಸ್ ಸಿಡಿಯೂ ಇತ್ತು.

512 ಎಂಬಿ ರ‍್ಯಾಮ್, ಒಂದೇ ಪ್ರೊಸೆಸರ್ ಕೊಟ್ಟೆ. ಪೇಜ್‌ಮೇಕರಿಗೆ ಅದೇ ಜಾಸ್ತಿ. ಡಿಸ್ಕ್ ಮಾತ್ರ ಹಳೆಯ ಬಗೆಯ ಐಡಿಇ ಕಂಟ್ರೋಲರಿನ ಮೇಲೇ ಇರಬೇಕು. ಎಕ್ಸ್‌ಪಿ ಸಿಡಿಯಲ್ಲಿ ಹೊಸ ಬಗೆಯ ಸಾಟಾ (ಎಎಚ್‌ಸಿಐ) ಕಂಟ್ರೋಲರಿನ ಡ್ರೈವರ್ ಇಲ್ಲ, ಹಾಗಾಗಿ ಸಾಟಾ ಇಟ್ಟರೆ ಅದಕ್ಕೆ ಡಿಸ್ಕೇ ಕಾಣುವುದಿಲ್ಲ. ನೆಟ್‌ವರ್ಕ್ ಪೂರ್ತಿ ಬಂದ್. 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಗೆ ಬೆಂಬಲ ನಿಂತಿದೆ, ಅದನ್ನು ಇಂಟರ್ನೆಟ್ಟಿಗೆ ಬಿಡುವುದು ಸುಮ್ನೆ ಕೆಡುಕು. ಫೈಲು ಒಳಗೆ ಹೊರಗೆ ಸಾಗಿಸಲು ಎರಡೂ ಕಡೆ ಕಾಣುವ ಶೇರ್ಡ್ ಫೋಲ್ಡರ್ ಸಾಕು.

ಫೈಲು ತೆರೆಯುವ ಮೊದಲೇ ನುಡಿ ಫಾಂಟ್ ಹಾಕಿರಬೇಕು. ಈ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂತಿವೆ. ಫಾಂಟ್ ಇಲ್ಲದಿದ್ದರೆ ವರನ ಹೆಸರಿನ ಜಾಗದಲ್ಲಿ ಬರೀ ಚಿತ್ರವಿಚಿತ್ರ ಇಂಗ್ಲಿಷ್. ನುಡಿಯ ಬೇರೆ ಆವೃತ್ತಿಯ ಫಾಂಟ್ ಹಾಕಿದರೆ ಸಾಲುಗಳ ಅಳತೆ ಸರಿಯಬಹುದು. ಹಾಗಾಗಿ ಹಳೆಯ ಕಂಪ್ಯೂಟರಿನ ಫಾಂಟ್ ಫೋಲ್ಡರನ್ನೇ ಕಾಪಿ ಮಾಡಿಕೊಂಡೆ. ಈ ಕೆಲಸದಲ್ಲಿ ನಿಜವಾಗಿ ಬೆಲೆಬಾಳಿದ್ದು ಆ ಫೋಲ್ಡರೇ.

ಇನ್ನು ಪಿಡಿಎಫ್. ಈಗ ಮುದ್ರಣದ ಪ್ಲೇಟ್ ಮಾಡುವವರು ಅದನ್ನೇ ಕೇಳುತ್ತಾರೆ, ಅಲ್ವಾ? ಎಕ್ಸ್‌ಪಿಯಲ್ಲಿ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಸೇರಿಸಿ, ಪೋರ್ಟ್ ಜಾಗದಲ್ಲಿ 'ಫೈಲ್' ಆರಿಸಿದೆ. ಪ್ರಿಂಟ್ ಕೊಟ್ಟರೆ ಕಾಗದದ ಬದಲು ಪಿಎಸ್ (ಪೋಸ್ಟ್‌ಸ್ಕ್ರಿಪ್ಟ್) ಫೈಲು ಬರುತ್ತದೆ. ಅದನ್ನು ಹೊರಗಿನ ಕಂಪ್ಯೂಟರಿನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಎಂಬ ಸಾಫ್ಟ್‌ವೇರಿನಿಂದ ಪಿಡಿಎಫ್ ಮಾಡುತ್ತೇನೆ. ಪಿಡಿಎಫ್‌ನೊಳಗೆ ನುಡಿ ಫಾಂಟ್ ಸೇರಿದೆಯೋ ಇಲ್ಲವೋ ಅಂತ ನೋಡದೆ ಪ್ಲೇಟಿಗೆ ಕಳಿಸುವುದಿಲ್ಲ.

ಎಲ್ಲ ಸರಿಯಾದ ಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಇಡೀ ಸ್ಥಿತಿಯ ಪ್ರತಿ, ತೆಗೆದಿಟ್ಟೆ. ಏನೇ ಕೆಟ್ಟರೂ ಅಲ್ಲಿಗೆ ವಾಪಸ್ ಹೋಗಬಹುದು.

ಇನ್ನೊಂದು ಕನ್ನಡ ಸಾಫ್ಟ್‌ವೇರಿನ ಫೈಲುಗಳೂ ನನ್ನಲ್ಲಿವೆ. ಅದಕ್ಕೆ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಆ ಕೆಲಸ ಬಂದಾಗ ಹಳೆಯ ಪೆಂಟಿಯಮ್ಮನ್ನೇ ಚಾಲು ಮಾಡುತ್ತೇನೆ.