ಮಾಸ್ಕೋಗೆ ನಡೆದುಕೊಂಡೇ?

2019ರ ಫೆಬ್ರವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಇಳಿದಾಗ ನನ್ನ ಬಳಿ ಇದ್ದದ್ದು ಬೆಂಗಳೂರಿನ ಸಂಜೆ ತರಗತಿಯ ಎರಡು ವರ್ಷದ ರಷ್ಯನ್. ಆರು ವಿಭಕ್ತಿಗಳ ಕೋಷ್ಟಕ ಬಾಯಿಪಾಠವಾಗಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಜೂನ್‌ವರೆಗಿನ ಸೆಮಿಸ್ಟರ್‌ಗೆ ಹಾಸ್ಟೆಲ್ ಬೇಡವೆಂದು, ಇಂಗ್ಲಿಷಿನ ಗಂಧವೇ ಇಲ್ಲದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಮನೆಯಲ್ಲಿ ಕೋಣೆ ಹಿಡಿದೆ. ವಿಳಾಸದ ನೋಂದಣಿಯಂತಹ ಕಾಗದಪತ್ರಗಳ ಕೆಲಸವನ್ನು ವಿಶ್ವವಿದ್ಯಾಲಯದವರೇ ಮಾಡಿಸಿಕೊಟ್ಟರು.

ಮೊದಲ ಸಂಜೆ ನಡುಗುತ್ತಾ ಒಳಗೆ ಬಂದು "ಯಾ ಖಲೋದ್ನಿ" ಎಂದೆ. ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದ ಇಟ್ಟು ಕಟ್ಟಿದ ಮಾತು. ಅಜ್ಜಿ ನನ್ನ ಕೆನ್ನೆ ಮುಟ್ಟಿ ನೋಡಿ, ಇಲ್ಲವಲ್ಲ, ಬೆಚ್ಚಗೇ ಇದ್ದೀಯ ಎಂದು ನಕ್ಕರು. ನಾನು ಹೇಳಿದ್ದು "ನಾನು ತಣ್ಣಗಿನ ವಸ್ತು" ಎಂಬಂತಿತ್ತು. ಹೇಳಬೇಕಾದದ್ದು "ಮ್ನ್ಯೆ ಖೋಲದ್ನ". ಮ್ನ್ಯೆ ಎಂದರೆ ನನಗೆ, ಖೋಲದ್ನ ಎಂದರೆ ಚಳಿ. ನನಗೆ ಚಳಿ! ಎರಡು ವರ್ಷ ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಹೋಗುತ್ತಿದ್ದೆ, ಕನ್ನಡವೆಂಬ ಹಿತ್ತಲ ಬಾಗಿಲು ತೆರೆದೇ ಇತ್ತು. ಇಷ್ಟವಾಗುವುದೂ "ನನಗೆ", ವಯಸ್ಸಾಗುವುದೂ "ನನಗೆ". "ಇದು ನನ್ನ ಮನೆ" ಎನ್ನಲು ನಮ್ಮಂತೆ ಅವರಿಗೂ ಕ್ರಿಯಾಪದ ಬೇಡ: "ಏತ ಮೊಯ್ ದೋಮ್". ಅಂದು ರಾತ್ರಿಯೇ ಹೊಸ ನೋಟ್‌ಬುಕ್ ತೆಗೆದು ಅರ್ಥಗಳನ್ನು ಕನ್ನಡದಲ್ಲಿ ಬರೆಯತೊಡಗಿದೆ.

ಕನ್ನಡ ಕೈಕೊಟ್ಟದ್ದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ "ಅದು". ಅಲ್ಲಿ ಮೇಜು ಅವನು, ಪುಸ್ತಕ ಅವಳು, ಕಿಟಕಿ ಮಾತ್ರ ಅದು. ಹಿಂದಿ ಬಲ್ಲ ಸಹಪಾಠಿಗೆ ಲಿಂಗವೆಂದರೆ ಬೆಚ್ಚುವಂಥದ್ದೇನೂ ಇರಲಿಲ್ಲ. ನಾನು ಕುರ್ಚಿಗೊಮ್ಮೆ ಎಡವಿದೆ, ದೀಪಕ್ಕೊಮ್ಮೆ ಎಡವಿದೆ.

ಎಲ್ಲಕ್ಕಿಂತ ಕಾಡಿದ್ದು "ಹೋಗು" ಎಂಬ ಒಂದು ಮಾತು. ಮಾರ್ಚ್‌ನಲ್ಲಿ ಒಂದು ದಿನ ಮಾಸ್ಕೋಗೆ ಹೋಗುತ್ತೇನೆ ಎನ್ನಲು ಠೀವಿಯಿಂದ "ಯಾ ಇದೂ ವ್ ಮಸ್ಕ್ವೂ" ಎಂದೆ. ಸೂಪ್ ತಿರುವುತ್ತಿದ್ದ ಅಜ್ಜಿ ತಲೆ ಎತ್ತದೆ "ಪಿಶ್ಕೋಮ್?" ಎಂದರು. ನಡೆದುಕೊಂಡೇ? ಮಾಸ್ಕೋ ಅಲ್ಲಿಂದ ಸುಮಾರು 700 ಕಿಲೋಮೀಟರ್. "ಇದೂ" ಎಂದರೆ ನಡೆದು ಹೋಗುವುದು. ವಾಹನದಲ್ಲಿ ಹೋಗುವುದಾದರೆ "ಯೇದು", ಆಗಾಗ ಹೋಗಿ ಬರುವುದಾದರೆ "ಯೆಜ್ಜು", ವಿಮಾನವಾದರೆ ಕ್ರಿಯಾಪದವೇ ಬೇರೆ. ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ದಿನದ ಓಡಾಟವನ್ನೆಲ್ಲ ಒಪ್ಪಿಸುವುದು ನಿಯಮವಾಯಿತು: ಮೆಟ್ರೋವರೆಗೆ ನಡೆದೆ, ಇಳಿದೆ, ದಾಟಿದೆ, ಅಂಗಡಿಗೆ ಹೊಕ್ಕು ಬಂದೆ. ತಪ್ಪಿದಲ್ಲಿ ಚಮಚ ಮೇಜಿನ ಮೇಲೆ ಟಕ್ಕೆನ್ನುತ್ತಿತ್ತು. ವಿವರಣೆ ಇಲ್ಲ, ಟಕ್ ಅಷ್ಟೇ. ತರಗತಿಯ ನಾಲ್ಕು ಗಂಟೆಗಿಂತ ಆ ಅರ್ಧ ಗಂಟೆಯಲ್ಲಿ ಹೆಚ್ಚು ಕಲಿತೆ. ಮೊಬೈಲಿನ ಭಾಷೆಯನ್ನು ರಷ್ಯನ್‌ಗೆ ಬದಲಿಸಿ ಎಂದು ಬಹಳ ಜನ ಸಲಹೆ ಕೊಡುತ್ತಾರೆ. ನಾನೂ ಬದಲಿಸಿದೆ, ಏನೂ ಆಗಲಿಲ್ಲ. ಯಾವ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿರುವಾಗ ಕಣ್ಣು ಏಕೆ ಓದೀತು? ಮೊದಲ ತಿಂಗಳ ಬಿಡುವುಗಳನ್ನೆಲ್ಲ ಸಹಪಾಠಿಗಳೊಂದಿಗೆ ಇಂಗ್ಲಿಷ್ ಹರಟೆಯಲ್ಲಿ ಕಳೆದದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಸ್ಯಾಹಾರಿಯಾದ ನನಗೆ ಅತ್ಯಂತ ಉಪಕಾರ ಮಾಡಿದ ಪದ "ಪೋಸ್ನಯ". ಕ್ಯಾಂಟೀನೊಂದರಲ್ಲಿ ಮಾಂಸ ಬೇಡವೆಂದರೆ "ಇದು ಮಾಂಸವಲ್ಲ, ಕೋಳಿ" ಎಂದು ಬಡಿಸಿದ್ದರು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದ ದಿನಗಳಲ್ಲಿ ಅನೇಕ ಕಡೆ "ಪೋಸ್ನಯ" ಪಟ್ಟಿಯನ್ನೇ ಇಡುತ್ತಾರೆ: ಮಾಂಸ, ಮೊಟ್ಟೆ, ಹಾಲು ಇಲ್ಲ. ಮೀನಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು. ಮನೆಯಲ್ಲಿ ಬೇಯಿಸಿದ ಗ್ರೇಚಾಕ್ಕೆ (ಬಕ್‌ವೀಟ್ ಧಾನ್ಯ) ಮಜ್ಜಿಗೆಯಂಥ ಹುಳಿ ಹಾಲಾದ ಕೆಫೀರ್ ಕಲಸಿ, ಊರಿನಿಂದ ತಂದ ಸಾಸಿವೆಯ ಒಗ್ಗರಣೆ ಕೊಟ್ಟರೆ ಮೊಸರನ್ನದ ದೂರದ ನೆಂಟ. ಬೇರೆಡೆ ಅದೇ ಧಾನ್ಯಕ್ಕೆ ಗ್ರೇಚ್ಕಾ ಎನ್ನುತ್ತಾರೆ, ಗ್ರೇಚಾ ಪೀಟರ್ಸ್‌ಬರ್ಗ್ ಬಳಕೆ. ಕಟ್ಟಡದ ಪ್ರವೇಶಕ್ಕೆ ಮಾಸ್ಕೋದಲ್ಲಿ "ಪದ್ಯೆಜ್ದ್", ಇಲ್ಲಿ "ಪರಾದ್ನಯ". ಮಾಸ್ಕೋದಲ್ಲಿ ಬಾಯಿತಪ್ಪಿ ಪರಾದ್ನಯ ಎಂದಾಗ ಟ್ಯಾಕ್ಸಿ ಚಾಲಕ "ಪೀತರ್‌ನಿಂದಲೇ?" ಎಂದು ಪೀಟರ್ಸ್‌ಬರ್ಗ್‌ನ ಅಡ್ಡಹೆಸರು ಹಿಡಿದು ಕೇಳಿದ. ಪ್ರಮಾಣಪತ್ರ ಸಿಕ್ಕಿದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಜೂನ್ ಕೊನೆಯಲ್ಲಿ ರಾತ್ರಿ ಹನ್ನೊಂದಾದರೂ ಆಕಾಶ ಕಪ್ಪಾಗುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಅಲ್ಲಿನ ಪದ್ಧತಿಯಂತೆ ಇಬ್ಬರೂ ಒಂದು ನಿಮಿಷ ಮಾತಿಲ್ಲದೆ ಕುಳಿತೆವು. ಅಜ್ಜಿಯ ಕಣ್ಣು ಒದ್ದೆಯಾಗಿತ್ತು. ಎದ್ದು, ಸೂಟ್‌ಕೇಸ್ ತೋರಿಸಿ, "ಇವಳು ತುಂಬ ಭಾರ" ಎಂದೆ. ಕಣ್ಣೊರೆಸಿಕೊಳ್ಳುತ್ತಲೇ ತಿದ್ದಿದರು: "ಇವಳಲ್ಲ, ಇವನು."