ಪೊಲೀಸರ ಮೇಲೆ ನಂಬಿಕೆ ಇಲ್ಲದಿದ್ದರೂ ಅವರನ್ನು ಯಾವಾಗ ಕರೆಯಬೇಕು

ಕೋಲಾರದ ಕಡೆಯ ಹಳ್ಳಿಗಳಲ್ಲಿ ಠಾಣೆಯ ಮೆಟ್ಟಿಲು ಹತ್ತಿದರೆ ಮನೆಯ ಮಾನ ಹೋಯಿತೆಂಬ ಭಾವನೆ ಇನ್ನೂ ಇದೆ. ಆ ಅಪನಂಬಿಕೆಗೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಆದರೂ ಯಾರಿಗಾದರೂ ಪೆಟ್ಟು ಬೀಳುತ್ತಿದ್ದರೆ, ಕೈಯಲ್ಲಿ ಮಚ್ಚು ಕಂಡರೆ ಅಥವಾ ಮಗು ಕಾಣೆಯಾಗಿದ್ದರೆ, ಹಿಂದಿನ ಕಹಿಯನ್ನು ಬದಿಗಿಟ್ಟು ತಕ್ಷಣ 112ಕ್ಕೆ ಕರೆ ಮಾಡಬೇಕು.

ಟೊಮೆಟೊ ತೋಟದ ಬದುವಿನ ಕಲ್ಲನ್ನು ಪಕ್ಕದವರು ಒಂದು ಮೊಳ ಈಚೆಗೆ ನೆಟ್ಟಿದ್ದಾರೆ ಎಂಬ ತಕರಾರು ಬೇರೆ ಬಗೆಯದು. ಅದಕ್ಕೆ ಹದ್ದುಬಸ್ತು (ಜಮೀನಿನ ಗಡಿ ಗುರುತಿಸುವ) ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಬೇಕೇ ಹೊರತು ಪೇದೆಯನ್ನು ಕರೆಸಿ ಪ್ರಯೋಜನವಿಲ್ಲ. ಅದೇ ಬದುವಿನ ಮೇಲೆ ಗುದ್ದಲಿ ಎತ್ತಿ ಹೊಡೆಯಲು ಬಂದರೆ ಮಾತ್ರ ಅದು ಪೊಲೀಸರ ವಿಷಯವಾಗುತ್ತದೆ.

ಠಾಣೆಗೆ ಒಬ್ಬರೇ ಹೋಗಬೇಡಿ. ನಡೆದದ್ದನ್ನು ದಿನಾಂಕ, ಸಮಯ, ಸಾಕ್ಷಿಗಳ ಹೆಸರಿನೊಂದಿಗೆ ಎರಡು ಪ್ರತಿ ಬರೆದು, ಒಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ‘ರಾಜಿ ಮಾಡಿಕೊಳ್ಳಿ’ ಎಂದು ಠಾಣೆಯ ದಾಖಲೆ ಬರೆಯುವ ರೈಟರ್ ಹೇಳಿದ ಮಾತ್ರಕ್ಕೆ (ಬಹುಪಾಲು ಹೇಳಿಯೇ ಹೇಳುತ್ತಾರೆ) ಖಾಲಿ ಹಾಳೆಗೆ ಸಹಿ ಹಾಕಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಸಂಜ್ಞೇಯ ಅಪರಾಧ (ನ್ಯಾಯಾಲಯದ ಅಪ್ಪಣೆಯಿಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ) ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ; ಕೆಜಿಎಫ್ ಪೊಲೀಸ್ ಜಿಲ್ಲೆಗೆ ಬೇರೆಯೇ ಎಸ್‌ಪಿ ಇರುವುದರಿಂದ ವಿಳಾಸ ಬರೆಯುವಾಗ ಎಚ್ಚರವಿರಲಿ. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ 181, ಮಕ್ಕಳಿಗೆ 1098 ಸಂಖ್ಯೆಗಳಿವೆ.