ಗೋಡೆಯಾಚೆಯ ಅಕ್ಕನ ಮನೆಗೆ ಒಂಬತ್ತು ಪಟ್ಟು ದಾರಿ

ನಮ್ಮ ಮಾಳಿಗೆ ಮೇಲೆ ನಿಂತರೆ ಅಕ್ಕನ ಮನೆ ಕಾಣುತ್ತದೆ. ಕಲಬುರಗಿಯ ಸೇಡಂ ರಸ್ತೆ ಕಡೆ ಇರುವ ಎರಡು ಹೊಸ ಲೇಔಟ್‌ಗಳು ಇವು. ನಡುವೆ ಒಂದು ಕಾಂಪೌಂಡ್ ಗೋಡೆ. ಚಹಾ ಕುಡಿದು ಬರಬೇಕಂದ್ರೂ ಗಾಡಿ ತೆಗೆಯಬೇಕು. ಮನೆಗಳ ಪ್ಲ್ಯಾನ್ ಹಾಕುವುದು ನನ್ನ ಕೆಲಸ. ಈ ರಸ್ತೆಗಳು ಒಂದಕ್ಕೊಂದು ಎಷ್ಟು ಕೂಡಿವೆ ಅಂತ ಒಮ್ಮೆ ಅಳೆದೇ ಬಿಡೋಣ ಅನ್ನಿಸಿತು.

ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು, ನಕ್ಷೆ ಅಳೆಯುವ ಸಾಫ್ಟ್‌ವೇರ್ ಕ್ಯುಜಿಐಎಸ್‌ನಲ್ಲಿ ತೆರೆದೆ. ನಾಲ್ಕು ದಾರಿ ಕೂಡುವ ಜಾಗಕ್ಕೆ 4, ಮೂರು ಕೂಡಿದರೆ 3, ಮುಂದೆ ದಾರಿಯೇ ಇಲ್ಲದಿದ್ದರೆ 1. ಸರಾಸರಿ ಜಾಸ್ತಿ ಬಂದಷ್ಟೂ ಜೋಡಣೆ ಚೆನ್ನ ಎಂದು ಲೆಕ್ಕ. ಹೋಲಿಸಲು ಕೋಟೆ ಹತ್ತಿರದ ಹಳೆ ಓಣಿಗಳನ್ನು ತಗೊಂಡೆ. ಹದಿನಾಲ್ಕನೇ ಶತಮಾನದಲ್ಲೇ ಬಹಮನಿಗಳ ರಾಜಧಾನಿಯಾದ ಊರು, ಸೊಟ್ಟ ಗಲ್ಲಿಗಳಿಗೆ ಬರವಿಲ್ಲ.

ಉತ್ತರ ನೋಡಿ ತಲೆ ಕೆರೆದುಕೊಂಡೆ. ನಮ್ಮ ಲೇಔಟೇ ಗೆದ್ದಿತ್ತು! ಒಳಗೆ ಎಲ್ಲಾ 30×40 ಸೈಟು, ಗೆರೆ ಎಳೆದಂಥ ರಸ್ತೆ, ಎಲ್ಲಿ ನೋಡಿದರೂ ನಾಲ್ಕು ದಾರಿ. ಆದರೆ ಹೊರಗೆ ಬೀಳಲು ಒಂದೇ ಗೇಟು. ಸರಾಸರಿಗೆ ಅದು ಕಾಣುವುದೇ ಇಲ್ಲ.

ಅಳತೆ ಬದಲಿಸಿದೆ. ಅಕ್ಕನ ಮನೆಗೆ ನೇರ ದೂರ 140 ಮೀಟರ್. ರಸ್ತೆ ಹಿಡಿದರೆ 1,260. ಒಂಬತ್ತು ಪಟ್ಟು! ಸರಿಯಾಗಿ ಕೂಡಿದ ಚೌಕ ರಸ್ತೆಗಳಲ್ಲಿ ಇದು ಹೆಚ್ಚೂಕಡಿಮೆ 1.4 ಪಟ್ಟಿನೊಳಗೇ ಇರುತ್ತದೆ. ಹಳೆ ಊರಿನ ಗಲ್ಲಿ ಎಷ್ಟೇ ಸೊಟ್ಟಗಿರಲಿ, ಸುತ್ತಿ ಸುತ್ತಿ ಇನ್ನೊಂದು ಗಲ್ಲಿಗೆ ಬಿಡುತ್ತದೆ.

ಕಾರಣ ಹೊಲದಲ್ಲೇ ಇದೆ. ನಮ್ಮದೊಂದು ಸರ್ವೆ ನಂಬರ್, ಅವರದೊಂದು. ತೊಗರಿ ಬೆಳೆಯುವಾಗ ನಡುವೆ ಬದು ಇತ್ತು. ಎನ್‌ಎ, ಅಂದರೆ ಹೊಲ ಕೃಷಿಯೇತರ ಜಮೀನು ಆಗಿದ್ದು ಬೇರೆ ಬೇರೆ ವರ್ಷ, ಪ್ಲಾಟ್ ಹಾಕಿದವರೂ ಬೇರೆ. ಬದು ಇದ್ದಲ್ಲಿ ಈಗ ಗೋಡೆ. ನಮ್ಮ ರಸ್ತೆ ಅಲ್ಲಿಗೆ ಹೋಗಿ ನಿಲ್ಲುತ್ತದೆ, ಅದರ ನೇರಕ್ಕೆ ಆಚೆ ಯಾರದೋ ಹಿತ್ತಲು. ಮನೆ ಕೆಡವಿ ಮತ್ತೆ ಕಟ್ಟಬಹುದು. ಮಾರಿಹೋದ ಸೈಟಿನೊಳಗೆ ರಸ್ತೆ ಯಾರು ಬಿಡ್ತಾರೆ?

ನಕ್ಷೆಯನ್ನೇ ನಂಬಿ ಕೂರಬಾರದು ಅಂತ ನಡೆದೂ ನೋಡಿದೆ. ಎರಡು ಕಡೆ ನಕ್ಷೆಯಲ್ಲಿ ರಸ್ತೆ ಕೂಡಿತ್ತು, ಹೋದರೆ ಗೋಡೆ. ನಕ್ಷೆಯಲ್ಲಿ ಏನೂ ಇಲ್ಲದ ಇನ್ನೊಂದು ಕಡೆ ಗೋಡೆಯೇ ಒಡೆದಿತ್ತು. ಕೆಳಗೆ ಮೆಟ್ಟಿಲಿನ ಹಾಗೆ ಎರಡು ಶಹಾಬಾದ್ ಫರ್ಸಿ ಕಲ್ಲು. ಸಾಲಿ ಹುಡುಗರ ಕೆಲಸ. ಪಕ್ಕದ ಕಟ್ಟೆಯ ಮೇಲಿದ್ದ ಅಜ್ಜಿ, "ಯಾಕ್ರೀ, ಮುಚ್ಚಲಾಕ ಬಂದೀರೇನು?" ಅಂದರು.

"ಇಲ್ಲ ಆಯಿ, ಅಳೀಲಾಕ ಬಂದೀನಿ."

ಆ ಕಿಂಡಿಯನ್ನು ನಕ್ಷೆಗೆ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ನಡೆಯುವವರಿಗೆ ಒಂಬತ್ತು ಪಟ್ಟು ಎರಡೂವರೆಗೆ ಇಳಿಯಿತು. ಗಾಡಿಗೆ ಅದೇ ಒಂಬತ್ತು.